ದಾರವಿಲ್ಲದ ಸಾಲು

ಕತ್ತರಿ ಹಾಕಿ ಎಂದು ಹೇಳಿದವಳು ನಾನೇ. ಇದನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು. ಕಡೆಗೆ ಬರೆಯೋಣವೆಂದು ಇಟ್ಟುಕೊಂಡರೆ ಗಡುವು, ಧೂಳು, ಮೇಲಿನವರ ಅವಸರ ಎಂದು ನೆಪಗಳೆಲ್ಲ ಮುಂದೆ ಬಂದು ಕೂತು, ನಾನು ಮೆಲ್ಲಗೆ ಹಿಂದಕ್ಕೆ ಸರಿದುಬಿಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತಿದೆ.

ಭೀಮಾ ಕಣಿವೆಯಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಈಗ ನಿಂತುಹೋಗಿರುವ ಬಟ್ಟೆ ಗಿರಣಿಗಳು, ಹತ್ತಿ ಜಿನ್ನಿಂಗ್ ಕಾರ್ಖಾನೆಗಳು, ನೂಲಿಗೆ ಬಣ್ಣ ಅದ್ದುವ ಬಣ್ಣದ ಮನೆಗಳು ಇವೆಯಲ್ಲ, ಅವುಗಳ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ ಉಳಿಸುವ ಯೋಜನೆಯೊಂದರಲ್ಲಿ ನಾನು ಗುತ್ತಿಗೆಯ ಮೇಲೆ ಸ್ಕ್ಯಾನಿಂಗ್ ಮೇಲ್ವಿಚಾರಕಿ. ದಿನಾ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಎಸ್‌ಟಿ ಬಸ್ಸಿನಲ್ಲಿ ಓಡಾಟ. ಹಾಜರಿ ಪುಸ್ತಕ, ನಕ್ಷೆ, ಯಂತ್ರದ ರಸೀದಿ ಎಲ್ಲ ಸಲೀಸಾಗಿ ಮುಗಿದವು. ಕೈಗೆ ಹತ್ತದೆ ಉಳಿದದ್ದು ಒಂದು ಹಳೆಯ ಗಿರಣಿಯ ಕಾರ್ಡು ಕೋಣೆ.

ಜಕಾರ್ಡ್ ಮಗ್ಗದಲ್ಲಿ ಚಿತ್ರ ಮೂಡುವುದು ರಟ್ಟಿನ ಕಾರ್ಡುಗಳಿಂದ. ಮೊಳದಷ್ಟು ಉದ್ದದ ಕಾರ್ಡು, ಅದರ ತುಂಬ ತೂತು. ತೂತಿದ್ದಲ್ಲಿ ಮಗ್ಗದ ಕೊಕ್ಕೆ ಎದ್ದು ದಾರ ಎತ್ತುತ್ತದೆ, ಇಲ್ಲದಲ್ಲಿ ಎತ್ತುವುದಿಲ್ಲ. ಒಂದು ಕಾರ್ಡು ಎಂದರೆ ಆ ಗಿರಣಿ ನೇಯುತ್ತಿದ್ದ ಚಾದರದಲ್ಲಿ ಒಂದೇ ಒಂದು ಗೆರೆ. ಇಂಥ ನೂರಾರು ಕಾರ್ಡುಗಳನ್ನು ಕ್ರಮ ತಪ್ಪದೆ ದಾರದಿಂದ ಹೊಲಿದು ಸರ ಮಾಡಿ ಮಗ್ಗದ ಮೇಲೆ ತೂಗುಹಾಕುತ್ತಿದ್ದರು. ಸರ ತಿರುಗಿದಂತೆ ಕೆಳಗೆ ಹೂವೋ ನವಿಲೋ ಗೆರೆ ಗೆರೆಯಾಗಿ ಮೂಡುತ್ತಿತ್ತು. ಆ ಕೋಣೆಯಲ್ಲಿ ಕಬ್ಬಿಣದ ಸಲಾಕೆಗಳಿಗೆ ಅಂಥ ಸರಗಳು ಸಾಲಾಗಿ ನೇತಾಡುತ್ತಿದ್ದವು. ಕೆಳಗಿನ ಅಂತಸ್ತು ಬಣ್ಣದ ಮನೆಯಾಗಿದ್ದರಿಂದ ಗೋಡೆ, ನೆಲ, ಕಾರ್ಡು ಎಲ್ಲದರ ಮೇಲೂ ನೀಲಿ, ಕೆಂಪು, ನೇರಳೆ ಕಲೆಗಳಿದ್ದವು.

ಯಾವ ಸರ ಯಾವ ಚಿತ್ರದ್ದು ಎಂದು ಗುರುತಿಸಲು ತಿಳಿದವರು ಬೇಕಾಗಿತ್ತು. ಆ ಗಿರಣಿಯಲ್ಲಿ ಕಾರ್ಡಿಗೆ ತೂತು ಹೊಡೆಯುವ ಕೆಲಸ ಮಾಡಿದ್ದ ಒಬ್ಬರು ಅಕ್ಕಲಕೋಟೆಯಲ್ಲೇ ಇದ್ದಾರೆಂದು ತಿಳಿಯಿತು. ಎಂಬತ್ತರ ಹತ್ತಿರದವರು. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಗಿತ್ತು. ಅಂಗನವಾಡಿಯಲ್ಲಿ ಕೆಲಸ ಮಾಡುವ ಅವರ ಸೊಸೆ ರಜೆ ಹಾಕಿ ಅವರನ್ನು ಬಸ್ಸಿನಲ್ಲಿ ಕರೆತಂದಳು. ನಾನು ಅವರನ್ನು ಕಾಕಾ ಎಂದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ. ಅವರ ಹೆಸರು ಬರೆಯಬೇಕಾಗಿದ್ದ ಜಾಗ ಬೇರೆ ಇತ್ತು. ಅಲ್ಲಿ ಬರೆಯಲಾಗದವಳು ಇಲ್ಲಿ ಬರೆದು ಸಾಧಿಸುವುದೇನೂ ಇಲ್ಲ.

ಕಾಕಾರ ತಂದೆಯೂ ಅದೇ ಗಿರಣಿಯವರು. ಆಗ ಲಾಳಿಯ ಕಣ್ಣಿನಿಂದ ದಾರದ ತುದಿಯನ್ನು ಬಾಯಿಂದ ಹೀರಿ ಎಳೆಯುವ ಪದ್ಧತಿ ಇತ್ತು. ಒಬ್ಬರ ಬಾಯಿ ತಗಲಿದ್ದಕ್ಕೆ ಇನ್ನೊಬ್ಬರ ಬಾಯಿ ತಗಲಬೇಕಾಗುತ್ತದೆಂದು ಇವರ ಓಣಿಯವರನ್ನು ನೇಯ್ಗೆ ಖಾತೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಕಾಕಾರ ಕಾಲಕ್ಕೆ ಆ ಮಾತನ್ನು ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ, ಆದರೆ ನಡೆಯುತ್ತಿದ್ದದ್ದು ಅದೇ. ಇವರು ಕಾರ್ಡು ಕೋಣೆಗೆ ಕಸ ಗುಡಿಸಲು ಸೇರಿ, ಊಟದ ರಜೆಯಲ್ಲಿ ಪಂಚಿಂಗ್ ಕಲಿತು, ಆಮೇಲೆ ಗ್ರಾಫ್ ಕಾಗದದ ಮೇಲೆ ಚಿತ್ರ ಬಿಡಿಸುವುದನ್ನೂ ಕಲಿತರು. ಹುದ್ದೆ ಮಾತ್ರ ಕೊನೆಯವರೆಗೂ ಸಹಾಯಕನದೇ.

ಅವರು ಸರದ ಮೇಲೆ ಬೆರಳು ಆಡಿಸಿಯೇ ಚಿತ್ರ ಹೇಳುತ್ತಿದ್ದರು. ನವಿಲು, ಶಂಖ, ದ್ರಾಕ್ಷಿ ಗೊಂಚಲು. ನಾನು ವಿನ್ಯಾಸದ ಪುಸ್ತಕ ತೆರೆದು ತಾಳೆ ನೋಡುತ್ತಿದ್ದೆ. ಒಂದೂ ತಪ್ಪಲಿಲ್ಲ. ಮೂಲೆಯಲ್ಲಿದ್ದ ಒಂದು ಸರದ ಹತ್ತಿರ ಬಂದಾಗ ಬೆರಳು ನಿಧಾನವಾಯಿತು.

"ಇದು ಕುಸುಬಿ ಹೂವಿಂದ್ರಿ. ಮುಳ್ಳೆಲಿ ನೋಡ್ರಿ, ಇಲ್ಲಿ ತೂತ ಒತ್ತೊತ್ತಿ ಬಂದಾವು. ಇದು ನಂದು."

"ಪುಸ್ತಕದಾಗ ಡಿಸೈನ್ ಖಾತೆ ಹೆಡ್ ಸಾಹೇಬರ ಹೆಸರ ಐತೆಲ್ಲ ಕಾಕಾ."

"ಇರ್ತದ್ರಿ. ಸಹಿ ಅವರ್ದು. ಹೂವು ನಂದು."

"ಅದಕ್ಕ ಏನರ ಪುರಾವೆ ಐತೇನ್ರಿ?"

ಅವರು ಬೆರಳನ್ನು ಸರದ ಮೇಲೆಯೇ ಇಟ್ಟುಕೊಂಡು ಕೇಳಿದರು. "ನಿಮ್ಮ ಕಂಪ್ಯೂಟರ್ ಒಂದೊಂದ ಕಾರ್ಡಿಗೆ ಒಂದೊಂದ ಗೆರಿ ಹಾಕ್ಕೋತ ತಾನ ಚಿತ್ರಾ ಬಿಡಸ್ತದ ಅಂದ್ರೆಲ್ಲ?"

"ಹೌದ್ರಿ."

"ಬಿಡಸ್ಲಿ. ಪೂರಾ ಆದಮ್ಯಾಲ ನೀವ ನನಗ ಹೇಳ್ರಿ, ಏನೇನ್ ಕಾಣ್ತು ಅಂತ."

ಆಗಲೇ ಒತ್ತಿ ಕೇಳಬೇಕಿತ್ತು. ನನಗೆ ಮಧ್ಯಾಹ್ನದ ಬಸ್ಸಿನ ಚಿಂತೆ, ಇನ್ನೂ ಹತ್ತು ಸರ ಗುರುತಿಸಬೇಕಾದ ಚಿಂತೆ. ಆಯಿತು ಕಾಕಾ ಎಂದು ಮುಂದಿನ ಸರಕ್ಕೆ ಕೈ ಹಿಡಿದು ನಡೆಸಿದೆ.

ಕೆಲಸಕ್ಕೆ ನನ್ನ ಜೊತೆ ಇಬ್ಬರು ಹೆಣ್ಣುಮಕ್ಕಳಿದ್ದರು. ಇಬ್ಬರೂ ಬೀಡಿ ಕಟ್ಟುವವರು, ಬೆರಳು ಬಲು ಚುರುಕು. ಕಾರ್ಡಿನ ಕೆಳಗೆ ಕಪ್ಪು ಕಾಗದ ಹಾಸಿ, ಮೇಲೆ ಗಾಜು ಒತ್ತಿ, ಎರಡು ಕಡೆಯಿಂದ ಬೆಳಕು ಬಿಟ್ಟು ಚಿತ್ರ ತೆಗೆಯಬೇಕು. ಕಾರ್ಡಿನ ಅಂಚಿಗೆ ಬರೆದ ನಂಬರ್ ಓದಿ ಅದೇ ಹೆಸರಿನಲ್ಲಿ ಉಳಿಸಬೇಕು. ಆಮೇಲೆ ಸರವನ್ನು ಒಂದು ಕಾರ್ಡಿನಷ್ಟು ಸರಿಸಬೇಕು. ಸರ ಭಾರ, ದಾರ ಹಳೆಯದು, ಎಳೆದರೆ ರಟ್ಟು ಹರಿಯುತ್ತದೆ. ಮೂವರೂ ದಿನವಿಡೀ ದುಡಿದರೂ ಒಂದು ಸರ ಮುಗಿಯುತ್ತಿರಲಿಲ್ಲ.

ಎರಡು ತಿಂಗಳಿದೆ ಎಂದುಕೊಂಡಿದ್ದೆವು. ಒಂದು ಬೆಳಿಗ್ಗೆ ಜಾಗದ ಕೀಲಿ ಇಟ್ಟುಕೊಂಡವನು ಬಂದು, ಕಟ್ಟಡ ಕೆಡವುವವರು ಹನ್ನೆರಡು ದಿನದಲ್ಲಿ ಬರುತ್ತಾರೆ, ಅಷ್ಟರೊಳಗೆ ಕೋಣೆ ಖಾಲಿಯಾಗಬೇಕು ಎಂದ. ಪುಣೆಯಲ್ಲಿರುವ ನಮ್ಮ ಸಂಯೋಜಕರಿಗೆ ಫೋನ್ ಮಾಡಿದೆ. ಏನಾದರೂ ಮಾಡಿ ಮುಗಿಸಿ ಎಂದರು. ಮೇಲಿನವರು ಏನಾದರೂ ಮಾಡಿ ಎಂದಾಗ ಆ ಏನಾದರೂ ಎಂಬುದು ನಮ್ಮ ತಲೆಗೇ ಬರುತ್ತದೆ.

ಕೋಣೆಯಲ್ಲೆಲ್ಲ ತಿರುಗಿ ಐದಾರು ಸರ ನೋಡಿದೆ. ಎಲ್ಲ ಕಾರ್ಡಿನ ಅಂಚಿಗೂ ನೇರಳೆ ಅಕ್ಷರದಲ್ಲಿ ನಂಬರ್ ಇತ್ತು. ದಾರ ಕತ್ತರಿಸಿ ಕಾರ್ಡು ಬಿಡಿಬಿಡಿ ಮಾಡಿದರೆ ಕೆಲಸ ಹತ್ತು ಪಟ್ಟು ಬೇಗ ಆಗುತ್ತದೆ. ಹೆಸರು ಕೊಡುವುದನ್ನೂ ಆಮೇಲೆ ಕಚೇರಿಯಲ್ಲಿ ಕೂತು ಚಿತ್ರದಲ್ಲಿನ ನಂಬರ್ ಓದಿ ಮಾಡಬಹುದು. ಇಬ್ಬರಲ್ಲಿ ದೊಡ್ಡವಳು ಚೀಲದಿಂದ ಬೀಡಿ ಎಲೆ ಕತ್ತರಿಸುವ ಕತ್ತರಿ ತೆಗೆದಳು, ಆದರೆ ಹಾಗೇ ಹಿಡಿದುಕೊಂಡು ನಿಂತಳು.

"ಒಮ್ಮಿ ಆ ಕಾಕಾಗ ಫೋನ್ ಹಚ್ಚಿ ಕೇಳೂಣೇನ್ರಿ ಮೇಡಂ? ಹೊಲದದ್ದು ಬಿಚ್ಚೂದಂದ್ರ..."

"ಕೇಳೂದೇನೈತಿ? ಎಲ್ಲಾದಕ್ಕೂ ನಂಬರ್ ಹಾಕ್ಯಾರ. ನಂಬರ್ ಇದ್ದಮ್ಯಾಲ ದಾರ ಯಾಕ ಬೇಕು? ಹಾಕು ಕತ್ತರಿ."

ಹಾಕಿದಳು. ಆ ವಾರ ನಾವು ಹಿಂದೆಂದೂ ಮಾಡದಷ್ಟು ಕೆಲಸ ಮಾಡಿದೆವು. ಚಿತ್ರ ಮಾತ್ರ ಸರಿ ಬರುತ್ತಿರಲಿಲ್ಲ. ಎಣ್ಣೆ ಜಿಡ್ಡು, ಹತ್ತಿಯ ನಾರು ತೂತಿಗೆ ಮೆತ್ತಿಕೊಂಡು ತೂತು ಯಾವುದು, ಕಲೆ ಯಾವುದು ತಿಳಿಯುತ್ತಿರಲಿಲ್ಲ. ಒಣ ಕುಂಚದಿಂದ ಮಾತ್ರ ಒರೆಸಿ ಎಂದು ನಿಯಮವಿತ್ತು. ಅದರಿಂದ ಹೋಗಲಿಲ್ಲ. ಬಟ್ಟೆ ಒದ್ದೆ ಮಾಡಿ ಹಿಂಡಿ, ಹಗುರವಾಗಿ ಒರೆಸಿ ಎಂದೆ. ಕಾರ್ಡು ಲಕಲಕ ಎಂದವು; ಒಣಗಲು ಹರವಿ, ಒಣಗಿದ್ದನ್ನು ಕೈಗೆ ಸಿಕ್ಕ ಹಾಗೆ ಎತ್ತಿ ಚಿತ್ರ ತೆಗೆದೆವು. ಬಟ್ಟೆಗೆ ನೀಲಿ, ಕೆಂಪು, ನೇರಳೆ ಬಣ್ಣ ಹತ್ತಿತು. ಬಣ್ಣದ ಮನೆಯ ಮೇಲಿದ್ದ ಕಾರ್ಡಿಗೆ ಬಣ್ಣ ಹತ್ತದೆ ಇನ್ನೇನು ಎಂದುಕೊಂಡೆ. ದಿನಕ್ಕೆ ಮೂರು ಬಕೆಟ್ ನೀರು ಬದಲಿಸಿದೆವು.

ನಮ್ಮಪ್ಪ ರೈಲ್ವೆ ಪಾರ್ಸೆಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಕಿವಿಯ ಮೇಲೆ ಯಾವಾಗಲೂ ಒಂದು ಕಾಪಿಂಗ್ ಪೆನ್ಸಿಲ್. ಬರೆಯುವಾಗ ಬೂದಿ ಬಣ್ಣ, ನಾಲಿಗೆಗೆ ತಗಲಿಸಿಕೊಂಡರೆ ನೇರಳೆ ಶಾಯಿ. ಅಪ್ಪನ ನಾಲಿಗೆ ನೇರಳೆ ಹಣ್ಣು ತಿಂದವರ ನಾಲಿಗೆಯಂತಿರುತ್ತಿತ್ತು. ನಾವು ಮಕ್ಕಳು ಆ ಪೆನ್ಸಿಲ್ ಕದ್ದು ನೀರಲ್ಲಿ ಅದ್ದಿ ಹೋಳಿ ಆಡಿದವರು. ಗಿರಣಿಗಳಲ್ಲೂ ಕಾರ್ಡಿಗೆ ನಂಬರ್ ಬರೆಯಲು ಅದೇ ಪೆನ್ಸಿಲ್ ನಡೆಯುತ್ತಿತ್ತು. ನೀರು ತಗಲಿದರೆ ಅದು ಏನಾಗುತ್ತದೆಂದು ಈ ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಕ್ಕಿಲ್ಲ. ಮೂರು ಬಕೆಟ್ ನೇರಳೆ ನೀರು ಚರಂಡಿಗೆ ಹೋಗುವುದನ್ನು ನೋಡುತ್ತ ನಿಂತವಳಿಗೆ ಅದು ಹೊಳೆಯಲಿಲ್ಲ.

ಕಚೇರಿಗೆ ಬಂದು ಹೆಸರು ಕೊಡಲು ಕೂತಾಗ ಗೊತ್ತಾಯಿತು. ಮೊದಲು ಒರೆಸಿದ ಸರಗಳಲ್ಲಿ ನಂಬರ್ ಮಸುಕಾಗಿ ಉಳಿದಿತ್ತು, ಹೇಗೋ ಓದಬಹುದಿತ್ತು. ಕೊನೆಯ ದಿನ ಅವಸರದಲ್ಲಿ ಒರೆಸಿದ್ದ ಕುಸುಬಿ ಹೂವಿನ ಸರದಲ್ಲಿ ಅಂಚಿನುದ್ದಕ್ಕೂ ನೇರಳೆ ಮೋಡ ಬಿಟ್ಟರೆ ಏನೂ ಇರಲಿಲ್ಲ. ಚೀಲ ಬಿಚ್ಚಿ ಕಾರ್ಡುಗಳನ್ನೇ ಬಿಸಿಲಿಗೆ ಹಿಡಿದು ನೋಡಿದೆ. ಅದೇ ಮೋಡ. ಅಷ್ಟು ಹೊತ್ತಿಗೆ ಕಟ್ಟಡ ನೆಲಸಮವಾಗಿತ್ತು.

ಸಂಯೋಜಕರು ಬೈಯಲಿಲ್ಲ. ಒಳ್ಳೆಯ ಮನುಷ್ಯ, ಅದೇ ತೊಂದರೆ. ಆ ಚಾದರ ಎಲ್ಲಾದರೂ ಸಿಕ್ಕರೆ ಅದರ ಗೆರೆ ಎಣಿಸಿ ಕಾರ್ಡು ಜೋಡಿಸಬಹುದಲ್ಲ ಎಂದು ದಾರಿ ತೋರಿಸಿದರು. ಹುಡುಕಿದೆ. ಸಿಕ್ಕಿದ್ದು ಕತ್ತರಿ ಹಿಡಿದ ಆ ಹೆಣ್ಣುಮಗಳ ಮನೆಯಲ್ಲೇ, ಬಚ್ಚಲಿನ ಬಾಗಿಲಿಗೆ ಪರದೆಯಾಗಿ. ತೊಳೆದು ಒಣಗಿಸಿ ತಂದುಕೊಟ್ಟಳು. ಭೂತಗನ್ನಡಿ ಇಟ್ಟುಕೊಂಡು ಗೆರೆ ಗೆರೆ ಎಣಿಸಿ, ಪ್ರತಿ ಗೆರೆಗೂ ಹೊಂದುವ ಕಾರ್ಡು ಹುಡುಕುತ್ತ ಮೂರು ವಾರ ಕಳೆದೆ. ಕುತ್ತಿಗೆ ಹಿಡಿದುಕೊಂಡಿತು. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಕುಸುಬಿ ಹೂವು, ಅದರ ಮುಳ್ಳೆಲೆ, ಮೊಗ್ಗು ಎಲ್ಲ ಎದ್ದು ಬಂದವು.

ಉಳಿದದ್ದು ಚಾದರದ ತುದಿಯ ಸಾದಾ ಪಟ್ಟಿ. ಅಲ್ಲಿ ಚಿತ್ರವೇ ಇಲ್ಲ. ಅದರ ಐವತ್ತು ಚಿಲ್ಲರೆ ಕಾರ್ಡುಗಳಲ್ಲಿ ಇದ್ದದ್ದು ಎರಡೇ ಬಗೆಯ ತೂತು, ಒಂದು ಬಿಟ್ಟು ಒಂದು. ಬಗೆ ತಪ್ಪದಂತೆ ಯಾವುದನ್ನು ಎಲ್ಲಿ ಇಟ್ಟರೂ ಬಟ್ಟೆ ಒಂದೇ. ಹೇಗೋ ಹಚ್ಚಿ ಎಂದರು ಸಂಯೋಜಕರು, ಹಚ್ಚಿದೆ. ಆ ಪಟ್ಟಿಯ ಅಂಚಿನಲ್ಲಿ ಮಾತ್ರ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತಿದ್ದವು. ಕಾರ್ಡಿನ ತುದಿಯಲ್ಲಿ ಎಂಟು ತೂತಿನ ಒಂದು ಸಾಲು ಇರುತ್ತದೆ. ಆ ಗಿರಣಿಯ ಮಗ್ಗದಲ್ಲಿ ಅದಕ್ಕೆ ಎದುರಿದ್ದ ಕೊಕ್ಕೆಗಳಿಗೆ ದಾರ ಕಟ್ಟಿರಲಿಲ್ಲ, ಅದು ಬಟ್ಟೆಗೆ ಬಾರದ ಸಾಲು. ಹುಳು ತಿಂದಿರಬೇಕೆಂದು ಚಿತ್ರದ ಅಂಚು ಕತ್ತರಿಸಿಬಿಟ್ಟೆ.

ಆ ಭಾನುವಾರ ಕಾಕಾರ ಮನೆಗೆ ಹೋಗುವಾಗ ನಾನು ಪೇಢೆ ಒಯ್ದಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ದಾರ ಕತ್ತರಿಸಿದ್ದು, ನಂಬರ್ ಹೋದದ್ದು, ಚಾದರ ನೋಡಿ ಜೋಡಿಸಿದ್ದು ಎಲ್ಲ ಹೇಳಿದೆ, ದೊಡ್ಡ ಗಂಡಾಂತರ ದಾಟಿ ಬಂದವಳ ಹಾಗೆ. ಅವರು ಮಂಚದ ಮೇಲೆ ಕೂತು ಕೇಳಿಸಿಕೊಂಡರು. ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಸಾದಾ ಪಟ್ಟಿ ಯಾವ ಲೆಕ್ಕದ ಮ್ಯಾಲ ಹಚ್ಚೀರಿ?" ಎಂದರು ಕಾಕಾ.

"ಅವು ಎಲ್ಲಾ ಒಂದ ಥರಾ ಅಲ್ಲೇನ್ರಿ? ಹೆಂಗ ಹಚ್ಚಿದರೂ ನಡೀತದಂತ ಹಂಗ ಹಚ್ಚೀವಿ."

"ಅಂಚಿನ್ಯಾಗ ಏನರ ಕಂಡ್ತೇನ್ರಿ?"

"ಚುಕ್ಕಿ ಇದ್ವು ಕಾಕಾ. ಹುಳಾ ಹೊಡದಿತ್ತು. ತಗದ್ವಿ."

ಅವರು ಪೇಢೆಯ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು, "ಹುಳಾ ಅಲ್ರಿ ಅದು. ನಾನು."

ಬೇರೊಂದು ಚೂರು ಗ್ರಾಫ್ ಕಾಗದದಲ್ಲಿ, ದಾರವಿಲ್ಲದ ಆ ಸಾಲಿನ ಎಂಟು ಮನೆಗಳಿಗೆ ಸರಿಯಾಗಿ, ಅವರು ತಮ್ಮ ಹೆಸರು ಬರೆದುಕೊಂಡಿದ್ದರು. ನಾಲ್ಕಕ್ಷರ, ಕನ್ನಡದಲ್ಲಿ. ಹುಟ್ಟಿದ ಹಳ್ಳಿಯ ಸಾಲೆಯಲ್ಲಿ ಮೂರು ವರ್ಷ ಕಲಿತದ್ದು ಆ ಲಿಪಿಯೊಂದೇ. ಕಾರ್ಡಿಗೊಂದು ಗೆರೆಯಂತೆ ಅದನ್ನು ಸಾದಾ ಪಟ್ಟಿಯ ಕಾರ್ಡುಗಳ ತುದಿಯಲ್ಲಿ ಕೊರೆದಿದ್ದರು. ಬಟ್ಟೆಯಲ್ಲಿ ಬರುವುದಿಲ್ಲ, ಕೊಕ್ಕೆಗೆ ದಾರವಿಲ್ಲ. ಸಾಹೇಬರ ಕಣ್ಣಿಗೆ ಬೀಳುವುದಿಲ್ಲ. ಮಗ್ಗ ನಡೆದಷ್ಟು ವರ್ಷ ಖಾಲಿ ಕೊಕ್ಕೆಗಳು ಅವರ ಹೆಸರಿಗೆ ಏಳುತ್ತಾ ಇಳಿಯುತ್ತಾ ಇದ್ದವು. ಕಂಪ್ಯೂಟರ್ ಕಾರ್ಡಿಗೊಂದು ಗೆರೆ ಹಾಕಿ ಚಿತ್ರ ಬಿಡಿಸುತ್ತದೆಂದು ನನ್ನಿಂದ ಕೇಳಿದ ದಿನ, ಅದು ತಾನಾಗಿ ಮೂಡುತ್ತದೆಂದು ಅವರಿಗೆ ಗೊತ್ತಾಗಿತ್ತು.

"ಆವತ್ತ ಯಾಕ ಹೇಳಲಿಲ್ರಿ ಕಾಕಾ?" ಎಂದೆ.

"ನಾ ಹೇಳಿದಮ್ಯಾಲ ನೀವು ಓದಿದರ ಏನ್ ಬಂತ್ರಿ? ಇಷ್ಟ ವರ್ಷ ಯಾರೂ ಓದಿಲ್ಲ. ಯಾರರ ತಾವ ಓದಿ, ಇವ ಯಾರಪಾ ಅಂತ ಕೇಳ್ಬೇಕಂತ ಇತ್ತು."

ಮರುದಿನವೇ ಆ ಕಾರ್ಡುಗಳನ್ನು ಕಚೇರಿಯಿಂದ ಚೀಲದಲ್ಲಿ ಹಾಕಿಕೊಂಡು ಊರಿಗೆ ತಂದೆ. ಮೂರು ಭಾನುವಾರ ಕಾಕಾ ಮಂಚದ ಮೇಲೆ ಅವನ್ನು ಹರವಿಕೊಂಡು ತುದಿಯ ಎಂಟು ಮನೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಮೊದಲ ಅಕ್ಷರದ ತಲೆಕಟ್ಟು ಸಿಕ್ಕಿತು. ಕೊಂಬು ಸಿಕ್ಕಿತು. ನಡುವಿನ ಎಷ್ಟೋ ಗೆರೆಗಳು ಒಂದರಂತೆ ಒಂದು, ಯಾವುದು ಯಾವ ಅಕ್ಷರದ ಬೆನ್ನು ಎಂದು ಅವರಿಗೂ ಹೇಳಲಾಗಲಿಲ್ಲ. "ಇದು ಇಲ್ಲಿರಬೇಕು" ಎಂದು ಇಡುತ್ತಿದ್ದರು, ಸ್ವಲ್ಪ ಹೊತ್ತಿಗೆ ತೆಗೆಯುತ್ತಿದ್ದರು. ಮೂರನೆಯ ಭಾನುವಾರ ಹೆಸರು ಓದಲು ಬರುವಂತಾಯಿತು. ಕೆಲವು ಕಾರ್ಡುಗಳನ್ನು ಊಹೆಯ ಮೇಲೆ ನಾನೇ ಇಟ್ಟಿದ್ದೆ. ಚಿತ್ರ ತೆಗೆದು ಪುಣೆಗೆ ಕಳಿಸಿದೆ.

ಸಂಯೋಜಕರು ಫೋನ್ ಮಾಡಿ ಮರಾಠಿಯಲ್ಲಿ ಸಮಾಧಾನವಾಗಿ ಮಾತಾಡಿದರು. ಈ ಹೆಸರು ಮೊದಲೇ ಗೊತ್ತಿದ್ದು, ಹೆಸರು ತನ್ನದೆನ್ನುವವರ ಕೈಯಿಂದಲೇ, ಅದೂ ಊಹೆ ಸೇರಿಸಿ ಜೋಡಿಸಿದ್ದೀರಿ. ಸಮಿತಿಯ ಮುಂದೆ ಇದನ್ನು ಪುರಾವೆ ಎಂದು ಹೇಗಿಡಲಿ? ಕಾರ್ಡುಗಳು ಹೊಲಿಗೆಯಲ್ಲೇ ಇದ್ದಿದ್ದರೆ ನಾನು ಎರಡನೆಯ ಮಾತು ಆಡುತ್ತಿರಲಿಲ್ಲ. ಪುಸ್ತಕದಲ್ಲಿ ಸಹಿ ಇದೆ, ಆ ಹೆಸರೇ ದಾಖಲೆಗೆ ಹೋಗಲಿ. ಬೇಕಾದರೆ ಟಿಪ್ಪಣಿಯಲ್ಲಿ ಬರೆಯಿರಿ ಎಂದರು.

ನಾನು ಜಗಳವಾಡಿದೆ. ಕೂಗಾಡಿದೆ ಎಂದರೂ ಸರಿಯೇ. ಆದರೆ ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ, ಇಂದಿಗೂ ಆಗಿಲ್ಲ. ಅವರ ಜಾಗದಲ್ಲಿ ಕೂತಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆ ಹೆಸರನ್ನು ಸುಳ್ಳಾಗಿಸಿದ್ದು ಅವರಲ್ಲ. ಟಿಪ್ಪಣಿಯಲ್ಲಿ ಅರ್ಧ ಪುಟ ಬರೆದೆ. ಟಿಪ್ಪಣಿ ಕಚೇರಿಯವರಿಗಷ್ಟೇ ಕಾಣುತ್ತದೆ, ಜಾಲತಾಣದ ಸಾರ್ವಜನಿಕ ಪುಟದಲ್ಲಿ ಬರುವುದಿಲ್ಲ. ವಿನ್ಯಾಸಕಾರ ಎಂಬಲ್ಲಿ ಹೆಡ್ ಸಾಹೇಬರ ಹೆಸರು ತುಂಬಿದವಳೂ ನಾನೇ.

ಪುಟ ತೆರೆದುಕೊಂಡ ವಾರ ಕಾಕಾ ಹೇಳಿಕಳಿಸಿದರು. ಹೋಗದೆ ಇರಬಹುದಿತ್ತು. ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಸೊಸೆ ಚಹಾ ತಂದಿಟ್ಟು ನನ್ನ ಹಿಂದೆ ನಿಂತಳು.

"ಹೂವು ಚೊಲೋ ಬಂದೈತೇನ್ರಿ?"

"ಭಾಳ ಚೊಲೋ ಬಂದೈತ್ರಿ ಕಾಕಾ."

"ಹೆಸರು?"

ದಾರಿಯುದ್ದಕ್ಕೂ ನಿಜ ಹೇಳಬೇಕೆಂದೇ ಅಂದುಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಬೇರೆ. "ಬಂದೈತ್ರಿ," ಎಂದೆ.

"ಎಲ್ಲೈತಿ, ತೋರಸ್ರಿ," ಎಂದು ಕೈ ಮುಂದೆ ಮಾಡಿದರು. ನಾನು ಆ ಬೆರಳನ್ನು ಹಿಡಿದು ಪರದೆಯ ಮೇಲೆ, ವಿನ್ಯಾಸಕಾರ ಎಂಬುದರ ಮುಂದೆ ಇಟ್ಟೆ. ಅವರು ಎಡದಿಂದ ಬಲಕ್ಕೆ, ಮತ್ತೆ ಎಡಕ್ಕೆ, ನಿಧಾನವಾಗಿ ಸವರಿದರು.

"ನುಣ್ಣಗ ಐತಿ," ಎಂದರು.

"ಗಾಜು ಅಲ್ಲೇನ್ರಿ ಕಾಕಾ, ಕೈಗೆ ಹತ್ತೂದಿಲ್ಲ."

"ಹೌದೌದು. ಗಾಜು," ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಸೊಸೆಯ ಕಡೆ ಮುಖ ತಿರುಗಿಸಿದರು. "ನೀ ನೋಡಿದಿ ಏನವಾ? ಐತೇನು?"

ಪುಟ ಮರಾಠಿಯಲ್ಲಿತ್ತು. ಅವಳು ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ನನಗೆ ಬೆನ್ನಿಗೇ ತಿಳಿಯುತ್ತಿತ್ತು.

"ಐತ್ರಿ ಮಾಮಾ," ಎಂದಳು.

ನಾನು ಎದ್ದು ಬಂದೆ. ಅವಳು ಓಣಿಯ ತುದಿಯವರೆಗೆ ಜೊತೆಗೆ ಬಂದಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ಬೇಡ ಎನ್ನುವಂತೆ ಕೈ ಎತ್ತಿದಳು.

"ಮಾಮಾಗ ನಾ ಏನೂ ಹೇಳೂದಿಲ್ರಿ. ನಮ್ಮ ಮನ್ಯಾಗ ಈಗ ಅದು ಐತಿ ಅಂತನ ಇರ್ಲಿ. ಆದರ ನೀವು ಮತ್ತ ನಮ್ಮ ಮನಿಗಿ ಬರಬ್ಯಾಡ್ರಿ."